ಕೆಮ್ಮಬಾರದ ವರ್ಷ

ಕಳೆದ ತಿಂಗಳು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಕಡೆಯ ಸೇತುವೆ ಹತ್ತುತ್ತಿದ್ದಾಗ ಆ ವಾಸನೆ ಬಂತು. ಮಳೆ ನಿಂತ ಸಂಜೆ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಬರುವ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ, ಗಂಟಲಿನ ಹಿಂದೆ ಹೋಗಿ ಕೂರುವ ವಾಸನೆ. ಬಣ್ಣದ ಕಾರ್ಖಾನೆಯದ್ದು ಎಂದು ಕೆಲವರು, ಔಷಧದ್ದು ಎಂದು ಕೆಲವರು ಹೇಳುತ್ತಿದ್ದರು. ಯಾವುದರದ್ದೆಂದು ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ಕೆಮ್ಮು ಬಂತು. ಬಂದ ಕೂಡಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು, ಯಾರಾದರೂ ನೋಡಿದರೇ ಎಂದು ಆಚೀಚೆ ನೋಡಿದೆ. ಸುತ್ತ ಇದ್ದವರೆಲ್ಲ ಕೆಮ್ಮುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. ನನಗೆ ಅರವತ್ತು ದಾಟಿದೆ. ಇಬ್ಬರು ಮಕ್ಕಳ ಮದುವೆ ಮಾಡಿದ್ದೇನೆ. ಬದಲಾಪುರದಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ನನ್ನನ್ನು ಕಂಡರೆ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋಗುತ್ತಾರೆ, ನೀರಿನ ವಿಷಯಕ್ಕೆ ಅಷ್ಟು ಜಗಳ ಮಾಡಿದ್ದೇನೆ. ಆದರೂ ಡೊಂಬಿವಲಿಯಲ್ಲಿ ಕೆಮ್ಮಲು ನನಗೆ ಇನ್ನೂ ಹೆದರಿಕೆ.

ಹೋಗುತ್ತಿದ್ದದ್ದು ಅಣ್ಣ ದಿನಕರನ ಸನ್ಮಾನಕ್ಕೆ. ಅವನ ಕಾದಂಬರಿಗೆ ಹೊಸ ಮುದ್ರಣ ಬಂದಿತ್ತು. ಹುಡುಗನೊಬ್ಬ ಬೆಳೆದು ದೊಡ್ಡವನಾಗುವ ಕಥೆ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನಿಂದಾಗಿ ಅದಕ್ಕೆ ಇನ್ನೊಬ್ಬ ಓದುಗ ಸಿಗುವುದು ನನಗೆ ಬೇಡ. ‘ನೀನು ಬರ್ಲೇಬೇಕು ವಾರಿಜ, ನಿನ್ನನ್ನು ಬಿಟ್ಟು ಆ ಪುಸ್ತಕ ಉಂಟಾ?’ ಎಂದು ಅವನು ಫೋನಿನಲ್ಲಿ ಹೇಳಿದ್ದ. ಪ್ರೀತಿಯಿಂದಲೇ ಹೇಳಿದ್ದು. ನನಗೆ ಸಿಟ್ಟು ಬಂದದ್ದು ಆ ಪ್ರೀತಿಗೇ.

ಎಂಬತ್ತೊಂದನೆಯ ಇಸವಿಯಲ್ಲಿ ನಾವು ಡೊಂಬಿವಲಿ ಪೂರ್ವದಲ್ಲಿ, ಸಾಲು ಕೋಣೆಗಳ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿದ್ದೆವು. ಉಡುಪಿಯ ಕಡೆಯಿಂದ ಬಂದ ಅಪ್ಪ ಠಾಣಾದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಅಣ್ಣ ಬಿ.ಕಾಂ. ಮುಗಿಸಿ ಫೋರ್ಟಿನ ಒಂದು ಕಂಪೆನಿಯಲ್ಲಿ ಗುಮಾಸ್ತನಾಗಿದ್ದ. ನಾನು ಕಲ್ಯಾಣದ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬಯಿಯ ಕಡೆಗೆ ನುಗ್ಗುತ್ತಿದ್ದಾಗ ನಾನು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಉಲ್ಟಾ ದಿಕ್ಕಿನ ಲೋಕಲ್ ಹಿಡಿಯುತ್ತಿದ್ದೆ. ಲೇಡೀಸ್ ಡಬ್ಬಾ ಖಾಲಿ ಇರುತ್ತಿತ್ತು. ಠಾಕುರ್ಲಿ ಕಳೆದು ಕಲ್ಯಾಣ ಬರುವವರೆಗೆ ಕಿಟಕಿಯ ಸೀಟು ನನ್ನದು, ಕಾಲು ಎದುರಿನ ಬೆಂಚಿನ ಮೇಲೆ, ಕೈಯಲ್ಲಿ ಲೈಬ್ರರಿಯ ಪುಸ್ತಕ. ಹತ್ತಡಿ ಕೋಣೆಯಲ್ಲಿ ನಾಲ್ಕು ಜನ ಇದ್ದ ಮನೆಯವಳಿಗೆ ಅಷ್ಟು ಜಾಗ ಬೇರೆಲ್ಲೂ ಸಿಕ್ಕಿರಲಿಲ್ಲ. ಆಮೇಲೂ ಸಿಗಲಿಲ್ಲ.

ಭಾನುವಾರ ಸಂಜೆ ಒಂದು ಮರಾಠಿ ಶಾಲೆಯ ಕೋಣೆ ಕನ್ನಡದವರಿಗೆ ಸಿಗುತ್ತಿತ್ತು. ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು ನಾವು ಪುಸ್ತಕಗಳ ಬಗ್ಗೆ ಮಾತಾಡುತ್ತಿದ್ದೆವು. ನಡೆಸುತ್ತಿದ್ದವರು ಹಿರೇಮಠ ಮಾಸ್ತರರು. ವಿಜಾಪುರದವರು, ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಓದಿದವರು, ಒಳ್ಳೆಯ ಮನಸ್ಸಿನವರು, ಮಾತಿನ ಮೋಹದವರು. ಆ ವರ್ಷದ ಮಳೆ ಹಿಡಿದ ಮೊದಲ ಭಾನುವಾರ ಅವರು ಕಪ್ಪು ಹಲಗೆಯ ಮೇಲಿದ್ದ ಮಗ್ಗಿಯನ್ನು ಒರಸಿ, ಜಗತ್ತಿನಲ್ಲೆಲ್ಲ ಬರೆಯುತ್ತಿರುವ ಒಂದು ಜಾತಿಯ ಕಾದಂಬರಿಯ ಬಗ್ಗೆ ಹೇಳಲು ಶುರುಮಾಡಿದರು.

‘ಒಬ್ಬ ಹುಡುಗ ಇರ್ತಾನ. ಅವಂಗೊಂದು ಊರು ಇರ್ತದ. ಆ ಊರಾಗ ಅವಂಗ ಉಸಿರು ಕಟ್ಟತದ, ಬಿಟ್ಟು ಹೋಗ್ತಾನ. ಒಬ್ಬ ಗುರು ಸಿಗ್ತಾನ, ಒಬ್ಬಾಕಿ ಹುಡುಗಿ ಸಿಗ್ತಾಳ, ಇಬ್ಬರೂ ಕೈ ಬಿಡ್ತಾರ. ಒಂದು ಸಾವು ನೋಡ್ತಾನ. ಕಡೀಕೆ ತಾ ಯಾರು ಅಂತ ಅವಂಗ ತಿಳೀತದ. ಇದಕ್ಕ ನಾವು ಕನ್ನಡದಾಗ ಏನನ್ನೂಣು? ದೊಡ್ಡವರಾಗುವ ಕಾದಂಬರಿ ಅನ್ನೂಣು.’

ಹೆಂಗಸರ ಬೆಂಚಿನಲ್ಲಿ ಮೊದಲು ಕಿಸಕ್ಕೆಂದಿತು. ಮಾಸ್ತರರು ತಿರುಗಿ ನೋಡಿದರು. ನಮ್ಮ ಚಾಳಿನವರೇ ಆದ ಸರೋಜಕ್ಕ ಬಾಯಿ ತೆರೆದು ಹೇಳಿಯೇಬಿಟ್ಟರು: ‘ಮಾಸ್ತರ್ರೇ, ನಮ್ಮಲ್ಲಿ ದೊಡ್ಡವಳಾದ್ರೆ ಆರತಿ ಎತ್ತುದುಂಟು, ಕಾದಂಬರಿ ಬರೆಯುದಿಲ್ಲ.’

ಮಾಸ್ತರರ ಮುಖ ಕೆಂಪಾಯಿತು. ಹಲಗೆಯ ಮೇಲೆ ಬರೆದಿದ್ದ ಆ ಹೆಸರನ್ನು ಅಂಗೈಯಲ್ಲೇ ಒರಸಿದರು. ‘ಹಂಗಾರ ಪ್ರಾಯಕ್ಕೆ ಬರುವ ಕಾದಂಬರಿ’ ಎಂದರು. ‘ಪ್ರಾಯಕ್ಕೆ ಬಂದ್ಲು ಅಂದ್ರೆ ಗಂಡು ನೋಡ್ಲಿಕ್ಕೆ ಶುರು’ ಎಂದರು ಸರೋಜಕ್ಕ. ಕೊನೆಗೆ ಬೆಳವಣಿಗೆಯ ಕಾದಂಬರಿ ಎಂಬುದು ಉಳಿಯಿತು. ಗೊಬ್ಬರದ ಜಾಹೀರಾತಿನ ಹಾಗೆ ಕೇಳುತ್ತಿದ್ದರೂ ಅದಕ್ಕೆ ಯಾರೂ ನಗಲಿಲ್ಲ.

ನಾನೂ ನಕ್ಕವಳೇ. ಆದರೆ ಮನೆಗೆ ಬರುವ ದಾರಿಯಲ್ಲಿ ಅದು ತಲೆಗೆ ಹತ್ತಿತು. ನಾನು ದೊಡ್ಡವಳಾದದ್ದು ಒಂದು ಬೆಳಿಗ್ಗೆ. ಏಳನೆಯ ತರಗತಿಯಲ್ಲಿದ್ದೆ. ಹಿಂದಿನ ದಿನದವರೆಗೆ ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಹುಡುಗರ ಜೊತೆ ಓಡುತ್ತಿದ್ದವಳನ್ನು ಅಮ್ಮ ಮೂಲೆಯಲ್ಲಿ ಕೂರಿಸಿದರು, ಸರೋಜಕ್ಕ ಬಂದು ಆರತಿ ಎತ್ತಿದರು, ಅಲ್ಲಿಗೆ ಗ್ಯಾಲರಿಯ ಓಟ ಮುಗಿಯಿತು. ನಾನೇನೂ ತಿಳಿದುಕೊಳ್ಳಬೇಕಾಗಿರಲಿಲ್ಲ, ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಣ್ಣನಿಗೆ ಅದೇ ಕೆಲಸಕ್ಕೆ ಮುನ್ನೂರು ಪುಟ ಬೇಕಾಯಿತು.

ಮುಂದಿನ ಭಾನುವಾರ ಧೈರ್ಯ ಮಾಡಿ ಕೇಳಿದೆ: ‘ಸರ್, ಹುಡುಗಿಯದ್ದು ಇಲ್ವಾ ಈ ಥರದ್ದು?’

‘ಯಾಕಿರಬಾರದವ್ವಾ?’ ಎಂದರು ಮಾಸ್ತರರು. ನಿಜವಾಗಿ ಯೋಚಿಸಿದರು. ‘ಆದ್ರ ನೋಡು, ಹುಡುಗಿ ಊರು ಬಿಟ್ಟು ಎಲ್ಲಿಗೆ ಹೋಗ್ತಾಳ? ಗಂಡನ ಮನಿಗೆ. ಅಲ್ಲಿಗೆ ಕಾದಂಬರಿ ಮುಗೀತಲ್ಲ.’

ಎಲ್ಲರೂ ನಕ್ಕರು. ಆ ಸಲ ನನಗೆ ನಗು ಬರಲಿಲ್ಲ.

ಅಣ್ಣ ಬರೆಯಲು ಕೂತದ್ದು ಆಗಲೇ. ಅವನಿಗೊಂದು ತೊಡಕಿತ್ತು: ಬಿಟ್ಟು ಹೋಗಲು ಊರೇ ಇರಲಿಲ್ಲ. ಎರಡು ವರ್ಷದ ಮಗುವಾಗಿದ್ದಾಗ ಅವನನ್ನು ಡೊಂಬಿವಲಿಗೆ ತಂದಿದ್ದರು. ಊರೆಂದರೆ ಮೇ ತಿಂಗಳ ರಜೆಯಲ್ಲಿ ಅಜ್ಜಿಯ ಮನೆ, ಅಲ್ಲೂ ಹೊಳೆಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯುವವನಲ್ಲ. ಕಾದಂಬರಿಯಲ್ಲಿ ಅವನ ನಾಯಕ ತುಂಬಿದ ಹೊಳೆಯನ್ನು ಈಜಿ ದಾಟುತ್ತಾನೆ. ಅಪ್ಪ ಹೋಟೆಲಿನಿಂದ ಬಂದು ಕಾಲು ಚಾಚಿದರೆ ಸಾಕು, ಮೀನಿನ ಹೆಸರು, ಮರದ ಹೆಸರು, ದೋಣಿಯ ಯಾವ ತುದಿಗೆ ಏನನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ತನ್ನನ್ನು ಮಗ ಯಾವತ್ತೂ ಇಷ್ಟು ಕೇಳಿದವನಲ್ಲವೆಂದು ಅಪ್ಪನಿಗೂ ಹಿಗ್ಗು. ಡೊಂಬಿವಲಿಯ ಬಗ್ಗೆ ಒಂದು ಸಾಲೂ ಇಲ್ಲ.

‘ಚಾಳಿನ ಬಗ್ಗೆಯೇ ಬರಿಬಹುದಲ್ಲ ಅಣ್ಣ. ನಾವು ಬೆಳೆದದ್ದು ಇಲ್ಲಿಯೇ ಅಲ್ವಾ’ ಎಂದೆ.

‘ಇಲ್ಲಿ ಎಂತ ಉಂಟು ಮಾರಾಯ್ತಿ? ನಳ್ಳಿ ನೀರಿನ ಕ್ಯೂ. ಕ್ಯೂನಲ್ಲಿ ನಿಂತು ಯಾರಾದ್ರೂ ಬೆಳೀತಾರಾ?’

ಅವನು ಬರೆದದ್ದನ್ನು ಪ್ರೆಸ್ಸಿಗೆ ಕೊಡಲು ಚೆಂದದ ಪ್ರತಿ ಬೇಕಿತ್ತು. ಅವನ ಅಕ್ಷರ ಅವನಿಗೇ ಓದಲು ಬಾರದು; ನನ್ನದು ದುಂಡಗೆ. ಹಾಗಾಗಿ ಆ ಮಳೆಗಾಲವಿಡೀ ಕಾಲೇಜಿನಿಂದ ಬಂದು ನಾನು ಬರೆಯುತ್ತಿದ್ದೆ. ಗೋಡೆ ಬೆವರುತ್ತಿತ್ತು, ಕಾಗದ ಮೆತ್ತಗಾಗಿ ಶಾಯಿ ಹರಡುತ್ತಿತ್ತು. ಒಳಗೆ ಹಗ್ಗದ ಮೇಲೆ ಎಲ್ಲರ ಒದ್ದೆ ಬಟ್ಟೆ, ಸೀಮೆಎಣ್ಣೆ ಸ್ಟೋವಿನ ವಾಸನೆ, ಕಿಟಕಿ ತೆರೆದರೆ ಕಾರ್ಖಾನೆಯ ವಾಸನೆ. ಅಂಥದ್ದರಲ್ಲಿ ಒಂದು ದಿನ ನಾಯಕನ ತಂಗಿ ಬಂದಳು. ವನಜ ಅಂತೆ. ದುಂಡಗಿನ ಅಕ್ಷರದವಳು. ಓದುವಾಗ ಜಡೆಯ ತುದಿ ಕಚ್ಚುವವಳು. ಕಿಟಕಿಯ ಬದಿಗೆ ಕೂರಲು ಎಲ್ಲರ ಹತ್ತಿರ ಜಗಳ ಮಾಡುವವಳು. ನನಗೆ ತುಂಬಾ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಣ್ಣ ನನ್ನನ್ನು ಇಷ್ಟು ನೋಡಿದ್ದಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಜಡೆ ಬಾಯಲ್ಲಿಟ್ಟುಕೊಂಡೇ ಆ ಪುಟಗಳನ್ನು ಬರೆದೆ.

ಒಂಬತ್ತನೆಯ ಅಧ್ಯಾಯದಲ್ಲಿ ವನಜ ಕೆಮ್ಮಲು ಶುರುಮಾಡಿದಳು.

‘ಅಣ್ಣ, ಇವಳು ಸಾಯ್ತಾಳಾ?’ ಎಂದು ಕೇಳಿದೆ.

‘ಸಾಯ್ಬೇಕು.’

‘ಎಂತಕ್ಕೆ?’

‘ಅವಳು ಸಾಯದಿದ್ರೆ ಅವ ಬೆಳೀಲಿಕ್ಕಿಲ್ಲ. ಮಾಸ್ತರ್ರು ಹೇಳಿದ್ದು ನೀನೂ ಕೇಳಿದ್ದಿಯಲ್ಲ.’

‘ಕೆಲಸಕ್ಕೆ ಹೋದ್ರೆ ಬೆಳೀಲಿಕ್ಕಿಲ್ವಾ? ಇಲ್ಲದಿದ್ರೆ ಅವಳಿಗೆ ಮದುವೆ ಮಾಡಿ ಕಳಿಸು.’

‘ಮದುವೆಯಾದ್ರೆ ಓದುವವರಿಗೆ ದುಃಖ ಆಗುದಿಲ್ಲ’ ಎಂದ ಅಣ್ಣ. ನಗುತ್ತಾ ಹೇಳಿದ್ದಲ್ಲ, ವ್ಯವಹಾರದ ಮಾತಿನ ಹಾಗೆ ಹೇಳಿದ.

ಕ್ಷಯ ಅಂತ ಬರೆದಿದ್ದ. ರಕ್ತ, ಕರವಸ್ತ್ರ, ಎಲ್ಲ ಇತ್ತು. ನನ್ನ ಕೈಯಲ್ಲಿ ಅದನ್ನು ಬರೆಯಲಾಗಲಿಲ್ಲ. ನಾನು ಪ್ರತಿಯಲ್ಲಿ ಅದನ್ನು ಜ್ವರ ಎಂದು ತಿದ್ದಿ, ರಕ್ತವನ್ನು ತೆಗೆದುಹಾಕಿ, ಅವಳನ್ನು ಆದಷ್ಟು ಬೇಗ, ಹೆಚ್ಚು ನೋವಿಲ್ಲದೆ ಕಳಿಸಿಕೊಟ್ಟೆ. ಪ್ರೆಸ್ಸಿನಿಂದ ಕರಡಚ್ಚು ಬಂದಾಗ ಅಣ್ಣನಿಗೆ ಗೊತ್ತಾಯಿತು. ಬೈಯಲಿಲ್ಲ. ಚಿಕ್ಕ ಮಗುವಿಗೆ ಹೇಳುವ ಹಾಗೆ ತಿಳಿಸಿ ಹೇಳಿದ: ‘ಜ್ವರದಲ್ಲಾದ್ರೆ ಮೂರು ದಿನಕ್ಕೆ ಮುಗಿದು ಹೋಗ್ತದೆ ವಾರಿಜ. ಕ್ಷಯದಲ್ಲಿ ಎರಡು ಅಧ್ಯಾಯ ಸಿಗ್ತದೆ.’ ರಕ್ತವನ್ನು ಪುನಃ ಹಾಕಿದ.

ದೀಪಾವಳಿ ಕಳೆದ ಮೇಲೆ ಪುಸ್ತಕ ಬಂತು, ಅದೇ ಶಾಲೆಯ ಅಂಗಳದಲ್ಲಿ ಬಿಡುಗಡೆಯಾಯಿತು. ವನಜಳ ಚಿತೆಯ ಬೆಳಕಿನಲ್ಲಿ ನಾಯಕ ತನ್ನನ್ನು ತಾನು ಕಾಣುತ್ತಾನೆ ಎಂದು ಮಾಸ್ತರರು ಮುನ್ನುಡಿಯಲ್ಲಿ ಬರೆದಿದ್ದರು. ಅಣ್ಣ ಮೈಕಿನ ಮುಂದೆ ನಿಂತು, ‘ನಾನು ಕಲ್ಪಿಸಿ ಬರೆದವನಲ್ಲ, ಬದುಕಿದ್ದನ್ನೇ ಬರೆದಿದ್ದೇನೆ’ ಎಂದ. ಚಪ್ಪಾಳೆ ಬಿತ್ತು. ಹೊಳೆಗೆ ಇಳಿಯದವನು, ಊರು ಬಿಡದವನು, ಯಾರ ಚಿತೆಯನ್ನೂ ನೋಡದವನು ಅಲ್ಲಿ ನಿಂತು ಕಣ್ಣು ಒರಸಿಕೊಂಡ. ಆಮೇಲಿನ ದಿನಗಳಲ್ಲಿ ಹೆಂಗಸರು ಮನೆಗೆ ಬಂದು ಅಮ್ಮನ ಕೈ ಹಿಡಿದು ಅಳುತ್ತಿದ್ದರು. ಅಮ್ಮ ಮೊದಮೊದಲು, ‘ಅಯ್ಯೋ, ಅದು ಕಥೆ’ ಎಂದು ನಗುತ್ತಿದ್ದರು. ಬರಬರುತ್ತಾ ಅವರೂ ಸೆರಗಿನಿಂದ ಕಣ್ಣು ಒರಸಲು ಕಲಿತರು. ಸರೋಜಕ್ಕ ನನ್ನನ್ನು ತಬ್ಬಿಕೊಂಡು, ‘ಎಷ್ಟು ಚಂದ ಸಾಯಿಸಿದ್ದಾನೆ ನಿನ್ನ ಅಣ್ಣ’ ಎಂದರು.

ಆ ಬಿಡುಗಡೆಗೆ ಬಂದವರಲ್ಲಿ ಸದಾನಂದ ಎಂಬವನಿದ್ದ. ಉಡುಪಿಯ ಕಡೆಯವನೇ, ವಾಶಿಯಲ್ಲಿ ತಾಯಿಯ ಜೊತೆ ಇದ್ದ, ಠಾಣಾ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನನ್ನನ್ನು ಅಲ್ಲಿ ನೋಡಿ, ಚಳಿಗಾಲದಲ್ಲಿ ಒಬ್ಬರ ಮೂಲಕ ಹೆಣ್ಣು ಕೇಳಿಸಿದ. ನೋಡಲು ಬಂದ ದಿನ ಹಿರಿಯರೆಲ್ಲ ಮೆಟ್ಟಿಲಿಳಿಯುತ್ತಿದ್ದಾಗ ಅವನು ಮೇಲಿನ ಮೆಟ್ಟಿಲಲ್ಲೇ ಹಿಂದೆ ಉಳಿದು, ‘ಕಾಲೇಜು ಬಿಡ್ಬೇಡಿ. ವಾಶಿಯಿಂದ ಠಾಣಾಕ್ಕೆ ಬಸ್ಸುಂಟು, ಅಲ್ಲಿಂದ ಕಲ್ಯಾಣಕ್ಕೆ ಟ್ರೇನ್. ದೂರ ಆಗ್ತದೆ, ಆದ್ರೆ ಆಗ್ತದೆ’ ಎಂದ. ನನಗೆ ಅದುವರೆಗೆ ಯಾರೂ ಅಂಥ ಚಂದದ ಮಾತು ಹೇಳಿರಲಿಲ್ಲ. ಆಗಿನ ವಾಶಿ ಎಂದರೆ ಕೆಸರಿನ ನಡುವೆ ಕೆಲವು ಕಟ್ಟಡ, ಈಗಿನ ಸಾನಪಾಡಾದ ಕಡೆ ಬರೀ ಬಯಲು. ಅಪ್ಪನಿಗೆ ಅದು ಕಾಡು. ನನಗೆ ಅದು ಬೇಕಿತ್ತು. ಅವನೂ ಬೇಕಿದ್ದ. ಒಂದು ಬಸ್ಸು ಒಂದು ಟ್ರೇನು ಹಿಡಿದು ಪದವಿ ಮುಗಿಸುವ ನನ್ನನ್ನು ನಾನು ಕಣ್ಣೆದುರು ನೋಡುತ್ತಿದ್ದೆ. ಮಾಸ್ತರರು ಹೇಳಿದ್ದು ತಪ್ಪು, ಗಂಡನ ಮನೆಯಿಂದಲೂ ಕಾದಂಬರಿ ಮುಂದೆ ಹೋಗುತ್ತದೆ ಎಂದು ಅವರಿಗೆ ಹೇಳಬೇಕೆಂದುಕೊಂಡಿದ್ದೆ.

ಸದಾನಂದನ ತಾಯಿ ಪುಸ್ತಕ ಓದುವವರು. ಅದೊಂದು ನಮ್ಮ ಗ್ರಹಚಾರ. ಮಗನ ಕೈಯಲ್ಲಿದ್ದ ಕಾದಂಬರಿಯನ್ನು ಅವರೂ ಓದಿದರು. ಕೆಲವು ದಿನ ಸುದ್ದಿಯಿಲ್ಲ. ಆಮೇಲೆ ಮಧ್ಯಸ್ಥರು ಬಂದು, ‘ನಿಮ್ಮಲ್ಲಿ ಇನ್ನೊಬ್ಬಳು ಮಗಳಿದ್ಲಂತೆ, ಎದೆಯ ಕಾಯಿಲೆಯಲ್ಲಿ ಹೋದ್ಲಂತೆ, ನೀವು ಹೇಳ್ಲೇ ಇಲ್ಲವಲ್ಲ’ ಎಂದು ಕೇಳಿದರು. ಅಪ್ಪ ನಕ್ಕರು. ಅವರು ನಗಲಿಲ್ಲ.

ಕೊನೆಯ ಮಾತುಕತೆಗೆಂದು ತಾಯಿ ಮಗ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಆ ಹೊತ್ತಿಗೆ ಹಿರೇಮಠ ಮಾಸ್ತರರೂ ಬಂದು ಮಂಚದ ಮೇಲೆ ಕೂತಿದ್ದರು. ಅಣ್ಣನ ಪುಸ್ತಕಕ್ಕೆ ಒಂದು ಬಹುಮಾನದ ಮಾತು ನಡೆಯುತ್ತಿದೆ, ಅನುಭವದಿಂದ ಬಂದ ಬರಹ ಎಂದೇ ತೀರ್ಪುಗಾರರಿಗೆಲ್ಲ ಮೆಚ್ಚುಗೆಯಾಗಿದೆ ಎಂದು ಹೇಳಲು ಬಂದಿದ್ದರು. ನಾನು ಅಡಿಗೆಯ ಕಡೆಯ ಪರದೆಯ ಹಿಂದೆ, ಸ್ಟೋವಿನ ಹತ್ತಿರ ನಿಂತಿದ್ದೆ. ಎಲ್ಲವೂ ಕೇಳುತ್ತಿತ್ತು.

‘ಎಕ್ಸ್-ರೇ ತೆಗೆಸಿ ತೋರಿಸ್ತೇನೆ ಬೇಕಾದ್ರೆ’ ಎಂದರು ಅಪ್ಪ.

‘ಇವಳದ್ದು ತೆಗೆಸ್ಬಹುದು ರಾಯರೇ. ಸತ್ತವಳದ್ದು ಎಲ್ಲಿಂದ ತರ್ತೀರಿ?’ ಎಂದರು ಸದಾನಂದನ ತಾಯಿ. ಗಟ್ಟಿ ಹೆಂಗಸು, ಆದರೆ ಕೆಟ್ಟವರಲ್ಲ. ಅಣ್ಣನ ಕಡೆ ತಿರುಗಿದರು. ‘ನೋಡು ಮಗಾ, ನಿನ್ನ ಪುಸ್ತಕ ನಾನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣೀರು ಹಾಕಿ ಕೂಗಿದೆ. ನಾನು ಕೇಳುದು ಒಂದೇ. ಆ ಹುಡುಗಿ ಇದ್ಲಾ, ಇಲ್ವಾ? ನಿನ್ನ ಅಪ್ಪ ಅಮ್ಮ ಇಲ್ಲ ಅಂತಾರೆ. ಹೆಣ್ಣು ಹೆತ್ತವರು ಹಾಗೆ ಹೇಳ್ಲೇಬೇಕು, ತಪ್ಪಲ್ಲ. ಬರೆದವ ನೀನು. ಸುಳ್ಳು ಅಂತ ನೀನೊಂದು ಮಾತು ಹೇಳು. ನಾನು ಈಗಲೇ ತಾಂಬೂಲ ತೆಗೊಳ್ತೇನೆ.’

ಒಂದು ಶಬ್ದ. ನಾನು ಪರದೆಯ ಅಂಚು ಹಿಡಿದುಕೊಂಡು ಆ ಶಬ್ದವನ್ನು ಮನಸ್ಸಿನಲ್ಲಿ ಅವನಿಗೆ ಹೇಳಿಕೊಡುತ್ತಿದ್ದೆ. ಅಣ್ಣ ಮಾಸ್ತರರ ಮುಖ ನೋಡಿದ. ನೆಲ ನೋಡಿದ.

‘ಸುಳ್ಳು ಅಂತ ಹೇಗೆ ಹೇಳುದು?’ ಎಂದ. ‘ಬರೆಯುವವನಿಗೆ ನಡೆದದ್ದು ಮಾತ್ರ ಸತ್ಯ ಅಲ್ಲ. ವನಜ ನನಗೆ ಸತ್ಯವೇ.’

‘ಖರೇ ಮಾತು’ ಎಂದರು ಮಾಸ್ತರರು. ಅವರಿಗೆ ಅದು ಒಳ್ಳೆಯ ವಾಕ್ಯವಾಗಿ ಕೇಳಿಸಿತು, ಅಷ್ಟೇ.

‘ಅಂದ್ರೆ ಇದ್ಲು’ ಎಂದರು ಸದಾನಂದನ ತಾಯಿ.

ನಾನು ಪರದೆ ಸರಿಸಿ ಹೊರಗೆ ಬಂದೆ. ಹಾಗೆ ಬರುವ ಪದ್ಧತಿ ಇರಲಿಲ್ಲ. ‘ಬೇರೆ ಯಾರೂ ಇರ್ಲಿಲ್ಲ ಅಮ್ಮ. ಅವನಿಗೆ ತಂಗಿ ಅಂತ ನಾನೊಬ್ಬಳೇ. ವನಜ ಅಂದ್ರೆ ನಾನೇ’ ಎಂದೆ.

ಇದನ್ನು ಹೇಳಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ಎದುರಿಗೆ ಜೀವಂತ ನಿಂತವಳನ್ನು ನೋಡಿದ ಮೇಲೆ ಇನ್ನೇನು ಸಂಶಯ? ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನಾಗ ತೆಳ್ಳಗಿದ್ದೆ. ಪುಸ್ತಕದಲ್ಲಿ ವನಜಳೂ ತೆಳ್ಳಗಿದ್ದಳು.

‘ನೀನೇ ಅಂದ್ರೆ?’ ಎಂದರು. ‘ಕಾಯಿಲೆ ನಿನಗಾ?’

ಇಲ್ಲ ಎನ್ನಲು ಬಾಯಿ ತೆರೆದೆ. ಕಿಟಕಿ ತೆರೆದಿತ್ತು. ಕಾರ್ಖಾನೆಯ ಕಡೆಯಿಂದ ಗಾಳಿ ಬಂದಿತ್ತು, ಹಿಂದೆ ಸ್ಟೋವಿನ ಹೊಗೆ. ಕೆಮ್ಮು ಬಂತು. ತಡೆಯಲು ನೋಡಿದ ಹಾಗೆ ಇನ್ನೂ ಹೆಚ್ಚು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಸದಾನಂದನ ತಾಯಿ ಕುಡಿಯುತ್ತಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟು ಸೆರಗನ್ನು ಮೂಗಿಗೆ ಹಿಡಿದರು. ಸದಾನಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಹೋಗುವಾಗ ಮೆಟ್ಟಿಲ ಮೇಲೆ ಅಪ್ಪನ ಹತ್ತಿರ, ‘ಅಮ್ಮನ ಮನಸ್ಸಿಗೆ ಬಾರದ್ದು ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ’ ಎಂದನಂತೆ. ಬಸ್ಸು, ಟ್ರೇನು ಎಲ್ಲ ಹೇಳಿದ್ದ ಅದೇ ಮೆಟ್ಟಿಲು.

‘ಒಂದು ಶಬ್ದ ಸಾಕಿತ್ತಲ್ಲ ಅಣ್ಣ’ ಎಂದೆ, ಎಲ್ಲರೂ ಹೋದ ಮೇಲೆ.

‘ನಿನಗೆ ಸಾಹಿತ್ಯ ಅಂದ್ರೆ ಅರ್ಥ ಆಗುದಿಲ್ಲ ವಾರಿಜ’ ಎಂದ. ಅವನ ಕಣ್ಣಲ್ಲಿ ನೀರಿತ್ತು. ಇದನ್ನೂ ಮುಂದಿನ ಮುದ್ರಣಕ್ಕೆ ಹಾಕಿಯಾನು ಎಂದು ನನಗನ್ನಿಸಿತು.

ಆಮೇಲೆ ಮನೆಯಲ್ಲಿ ಕೆಮ್ಮುವ ಹಾಗಿರಲಿಲ್ಲ. ಡೊಂಬಿವಲಿಯಲ್ಲಿ ಯಾರು ಕೆಮ್ಮುವುದಿಲ್ಲ? ಹಾಲಿನವನು ಕೆಮ್ಮುತ್ತಾ ಹಾಲು ಹಾಕುತ್ತಿದ್ದ, ಸರೋಜಕ್ಕ ಕೆಮ್ಮುತ್ತಾ ಭಜನೆ ಹೇಳುತ್ತಿದ್ದರು. ನನಗೆ ಮಾತ್ರ ಇಲ್ಲ. ಅಮ್ಮ ಜ್ಯೇಷ್ಠಮಧುವಿನ ತುಂಡನ್ನು ನನ್ನ ದವಡೆಯಲ್ಲಿ ಇಡಿಸುತ್ತಿದ್ದರು. ಗಾಳಿ ಬೀಸಿದರೆ ಕಿಟಕಿ ಮುಚ್ಚುತ್ತಿದ್ದರು. ಕೆಮ್ಮು ಬಂದರೆ ಟ್ರಂಕಿನ ಮೇಲಿನ ಹಾಸಿಗೆಗೆ ಮುಖ ಒತ್ತಿ ಕೆಮ್ಮಬೇಕು. ಒಮ್ಮೆ ಗ್ಯಾಲರಿಯಲ್ಲಿ ನನಗೆ ಸೀನು ಬಂದದ್ದಕ್ಕೆ ಅಪ್ಪ ಗಟ್ಟಿಯಾಗಿ, ‘ಮೆಣಸಿನ ಒಗ್ಗರಣೆ ಜೋರಾಯ್ತು’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಒಗ್ಗರಣೆಯೇ ಇರಲಿಲ್ಲ. ಕಥೆಯನ್ನು ಸುಳ್ಳು ಎನ್ನಲಾಗದ ಮನೆಯಲ್ಲಿ ದಿನವೂ ಇಂಥ ಸುಳ್ಳು ನಡೆಯುತ್ತಿತ್ತು.

ಮತ್ತೆ ಮಳೆ ಹಿಡಿದಾಗ ಕಾಲೇಜು ಶುರುವಾಯಿತು. ನಾನು ಕೊಡೆ ತೆಗೆದುಕೊಂಡೆ. ‘ನೆನೆದು ಥಂಡಿಯಾದ್ರೆ ಟ್ರೇನಿನಲ್ಲಿ ಕೆಮ್ತಿ. ಜನ ನೋಡ್ತಾರೆ. ಈ ವರ್ಷ ಬೇಡ’ ಎಂದರು ಅಪ್ಪ. ಅಣ್ಣ ಬಾಗಿಲಲ್ಲಿ ಕೂತು ಶೂಸಿನ ಲೇಸು ಕಟ್ಟುತ್ತಿದ್ದ. ಕಟ್ಟಿ ಮುಗಿಸಿ ಆಫೀಸಿಗೆ ಹೋದ. ಈ ವರ್ಷ ಬೇಡ ಎಂದದ್ದು ಮುಂದಿನ ವರ್ಷಕ್ಕೂ ಹಾಗೇ ಉಳಿಯಿತು. ಕಿಟಕಿಯ ಸೀಟಿನಲ್ಲಿ ಬೇರೆ ಯಾರೋ ಕೂತಿರಬೇಕು.

ನನಗೆ ಮದುವೆಯಾದದ್ದು ಕನ್ನಡ ಓದಲು ಬಾರದ ಮನೆಗೆ. ಅಪ್ಪ ಹುಡುಕಿದ್ದೇ ಹಾಗೆ. ಮೂರು ತಲೆಮಾರಿನಿಂದ ಇಲ್ಲೇ ಇದ್ದವರು, ಮನೆಯಲ್ಲಿ ತುಳು, ಹೊರಗೆ ಮರಾಠಿ. ನನ್ನ ಗಂಡ ಒಳ್ಳೆಯವರು. ನಾನು ಕೆಮ್ಮಿದರೆ ಬಿಸಿನೀರು ಕೊಡುತ್ತಾರೆ, ಅದರಲ್ಲಿ ಬೇರೇನೂ ಅರ್ಥ ಹುಡುಕುವುದಿಲ್ಲ. ನನ್ನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಅವರಿಗೆ ಓದಲು ಕಲಿಸಬೇಕೆಂದು ನಾನು ಹೆಚ್ಚು ಹಟ ಹಿಡಿಯಲಿಲ್ಲ. ಅಣ್ಣನಿಗೆ ಆ ಬಹುಮಾನ ಬಂತು. ಎರಡನೆಯ ಕಾದಂಬರಿ ಬರುತ್ತದೆ ಎಂದು ಎಲ್ಲರೂ ಬಹಳ ವರ್ಷ ಕಾದರು. ಬರಲಿಲ್ಲ. ಕೊಲ್ಲಲು ಇನ್ನೊಬ್ಬಳು ತಂಗಿ ಇರಲಿಲ್ಲ.

ಆ ಜಾತಿಯ ಕಾದಂಬರಿಗಳನ್ನು ನಾನು ಆಮೇಲೆ ಹುಡುಕಿ ಹುಡುಕಿ ಓದಿದ್ದೇನೆ, ಲೈಬ್ರರಿಯಲ್ಲಿ ಸಿಕ್ಕಿದ್ದು, ಹಳೇ ಪೇಪರಿನವನ ಹತ್ತಿರ ಸಿಕ್ಕಿದ್ದು. ಒಳ್ಳೆಯವೂ ಇವೆ, ನನಗೆ ಅಸೂಯೆಯಾಗುವಷ್ಟು ಒಳ್ಳೆಯವು. ಹುಡುಗ ನೆನೆಯುತ್ತಾನೆ, ಓಡುತ್ತಾನೆ, ತಪ್ಪು ಮಾಡುತ್ತಾನೆ, ತಿಳಿಯುತ್ತಾನೆ. ಎಲ್ಲೋ ಒಂದು ಮೂಲೆಯಲ್ಲಿ ತಂಗಿಯೋ ಅಕ್ಕನೋ ಅತ್ತೆಯ ಮಗಳೋ ದೀಪದ ಹತ್ತಿರ ಕೂತಿರುತ್ತಾಳೆ. ಅವಳ ಬಗ್ಗೆ ಲೇಖಕ ಒಂದೆರಡು ಒಳ್ಳೆಯ ಮಾತು ಹೇಳಲು ಶುರುಮಾಡಿದರೆ ನನಗೆ ಭಯವಾಗುತ್ತದೆ. ಪುಟ ತಿರುಗಿಸುವ ಮೊದಲು ಅವಳಿಗೆ ಮನಸ್ಸಿನಲ್ಲೇ ಹೇಳುತ್ತೇನೆ, ಕೆಮ್ಮಬೇಡ ಮಾರಾಯ್ತಿ ಎಂದು.

ಸನ್ಮಾನದ ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿ ಕೂತೆ. ಮಾಸ್ತರರು ಈಗಿಲ್ಲ, ಅವರ ಮುನ್ನುಡಿಯ ಸಾಲುಗಳನ್ನು ಯಾರೋ ಓದಿದರು. ಅಣ್ಣನ ತಲೆ ಬೆಳ್ಳಗಾಗಿದೆ. ಅವನಿಗೆ ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತು ಅದನ್ನೇ ಹೇಳಿದ, ಬದುಕಿದ್ದನ್ನೇ ಬರೆದೆ ಎಂದು. ಈಗ ಅವನು ಅದನ್ನು ನಂಬಿದ್ದಾನೆ ಎಂದು ಕಾಣುತ್ತದೆ. ವನಜಳ ಹೆಸರು ಹೇಳುವಾಗ ಶಾಲಿನ ತುದಿಯಿಂದ ಕಣ್ಣು ಒರಸಿಕೊಂಡ. ನನ್ನ ಕಡೆ ನೋಡಲಿಲ್ಲ.

ಪಕ್ಕದಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬರು ಅಮ್ಮ ಕೂತಿದ್ದರು, ನಮ್ಮ ಕಡೆಯವರೇ. ಚೀಲದಿಂದ ಹಳೆಯ ಪ್ರತಿ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು, ಅದರ ಬೆನ್ನಿಗೆ ಬಟ್ಟೆ ಅಂಟಿಸಿದ್ದರು. ‘ನೀವು ಅವರ ಮನೆಯವರಾ?’ ಎಂದು ಕೇಳಿದರು.

‘ತಂಗಿ’ ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ‘ಇನ್ನೊಬ್ಬಳು ಇದ್ಲಲ್ಲ, ಪಾಪ. ಈಗಲೂ ಆ ಪುಟ ಬಂದ್ರೆ ನನಗೆ ಮುಂದೆ ಓದ್ಲಿಕ್ಕಾಗುದಿಲ್ಲ. ನಿಮಗೆ ಅವಳ ನೆನಪುಂಟಾ?’

ಒಂದು ಶಬ್ದ ಸಾಕಿತ್ತು. ಸುಳ್ಳು ಎಂದರೆ ಮುಗಿಯುತ್ತಿತ್ತು. ಆ ಕೈ ಬೆಚ್ಚಗಿತ್ತು, ನಲವತ್ತು ವರ್ಷದಿಂದ ನನಗಾಗಿ ಅತ್ತವರ ಕೈ.

‘ಉಂಟು’ ಎಂದೆ. ‘ಒಳ್ಳೆ ಹುಡುಗಿ. ಕಿಟಕಿಯ ಸೀಟೇ ಬೇಕು ಅವಳಿಗೆ.’

‘ಹೋಗುವಾಗ ಪ್ರಾಯ ಎಷ್ಟು? ದೊಡ್ಡವಳಾಗಿದ್ಲಾ?’

ಹೊರಗಿನಿಂದ ಆ ವಾಸನೆ ಬರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಸೆರಗನ್ನು ಬಾಯಿಗೆ ಒತ್ತದೆ, ಆಚೀಚೆ ನೋಡದೆ, ಬಂದಷ್ಟೂ ಕೆಮ್ಮಿದೆ. ಮೂರು ಸಾಲಿನವರು ತಿರುಗಿ ನೋಡಿದರು. ವೇದಿಕೆಯ ಮೇಲಿನಿಂದ ಅಣ್ಣನೂ ನೋಡಿದ. ಕೆಮ್ಮು ನಿಂತ ಮೇಲೆ ಆ ಅಮ್ಮನಿಗೆ ಉತ್ತರ ಹೇಳಿದೆ.

‘ಇಲ್ಲ ಅಮ್ಮ’ ಎಂದೆ. ‘ಆಗ್ಲಿಕ್ಕೆ ಬಿಡ್ಲಿಲ್ಲ.’